ಹಬೆಗಿಟ್ಟ ತಿಪ್ಪೆ

ನಾನು ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಿದ್ದ ಮನುಷ್ಯ. ಯಾರ ಹುಕುಮೂ ಇರಲಿಲ್ಲ, ನನ್ನದೇ ಜಂಬ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ರಾಯಚೂರಿನ ಅಂಚಿನಲ್ಲಿದ್ದ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ರೋಗ ಬಿದ್ದ ಗಿಡವನ್ನೂ ಅದು ನಿಂತಿದ್ದ ಮಣ್ಣನ್ನೂ ರೈತರು ಚೀಲದಲ್ಲಿ ಕಟ್ಟಿ ತರುತ್ತಿದ್ದರು. ಕಾರಣ ಹೇಳುವುದು ನಮ್ಮ ಕೆಲಸ. ಮಣ್ಣಿನ ಹೆಸರಿನಲ್ಲಿ ಸಂಬಳ ತಿನ್ನುವ ನಮಗೆ ಮಣ್ಣು ಕಂಡರೆ ಆಗುತ್ತಿರಲಿಲ್ಲ. ಚೀಲವನ್ನು ಬಾಗಿಲ ಹೊರಗೇ ಇಳಿಸಲು ಹೇಳುತ್ತಿದ್ದೆವು, ತಂದವರನ್ನೂ ಅಲ್ಲೇ ನಿಲ್ಲಿಸುತ್ತಿದ್ದೆವು.

ನನ್ನ ಅಪ್ಪ ಅಕ್ಕಿ ಗಿರಣಿಯಲ್ಲಿ ಹೊಟ್ಟು ಹೊತ್ತವನು. ಅವನ ಅಂಗಿ, ಅವನ ಹಾಸಿಗೆ, ನಮ್ಮ ನೀರಿನ ಕೊಡ ಎಲ್ಲಕ್ಕೂ ತೌಡಿನ ವಾಸನೆ ಇತ್ತು. ಬಿ.ಎಸ್ಸಿ. ಮುಗಿಸಿ ಬಿಳಿ ಕೋಟು ಸಿಕ್ಕಾಗ ಅದನ್ನು ಅವನ ಅಂಗಿಯ ಜೊತೆ ಒಗೆಯಬೇಡ ಎಂದು ಅವ್ವನಿಗೆ ಹೇಳಿದ್ದೆ. ಅವ್ವ ಬೇರೆ ಬಕೀಟು ಇಟ್ಟಳು. ಈಗ ನೆನೆದರೆ ಆ ಬಕೀಟನ್ನು ನನ್ನ ತಲೆಗೇ ಕವುಚಬೇಕಿತ್ತು ಎನಿಸುತ್ತದೆ.

ನಮ್ಮ ಸಾಹೇಬರು ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದವರು. ರಾಯಚೂರಿನ ಬಿಸಿಲು, ಧೂಳು, ನಮ್ಮ ಮಾತು ಮೂರನ್ನೂ ಒಂದೇ ರೀತಿ ಮೂಗು ಮುರಿದು ಸಹಿಸಿಕೊಂಡಿದ್ದರು. ಕುರ್ಚಿಯನ್ನು ಕರವಸ್ತ್ರದಿಂದ ಒರೆಸದೆ ಕೂರುತ್ತಿರಲಿಲ್ಲ. ಅವರಿಗೆ ಇದ್ದ ಒಂದೇ ಪ್ರೀತಿಯ ವಸ್ತು ಆಟೋಕ್ಲೇವ್. ಕೋಣೆಯ ಮೂಲೆಯಲ್ಲಿದ್ದ ಎದೆಯೆತ್ತರದ ಡಬ್ಬಿ ಅದು. ತಳದಲ್ಲಿ ನೀರು ಹಾಕಿ, ಮುಚ್ಚಳ ಬಿಗಿದು, ಸೀಮೆಎಣ್ಣೆ ಒಲೆ ಹಚ್ಚಿದರೆ ಒತ್ತಡದ ಹಬೆಗೆ ಒಳಗಿನದೆಲ್ಲ ಬೇಯುತ್ತದೆ, ಕಣ್ಣಿಗೆ ಕಾಣದ ಜೀವಿಗಳೂ ಸಾಯುತ್ತವೆ. ಅಡುಗೆಮನೆಯ ಕುಕ್ಕರಿಗೂ ಅದಕ್ಕೂ ಇದ್ದ ವ್ಯತ್ಯಾಸ ಇಷ್ಟೇ: ಕುಕ್ಕರಿನಿಂದ ಹೊರಬಂದದ್ದು ಯಾರದಾದರೂ ಉಪಯೋಗಕ್ಕೆ ಬರುತ್ತಿತ್ತು. ಕುಂಡಕ್ಕೆ ಹೋಗುವುದು ಏನೇ ಇರಲಿ, ಮಣ್ಣಾಗಲಿ, ಮರಳಾಗಲಿ, ಗೊಬ್ಬರವಾಗಲಿ, ಮೊದಲು ಅದರೊಳಗೆ ಹೋಗಿ ಬರಬೇಕು. ಪ್ರಯೋಗ ಶುರುವಾಗುವ ಮುಂಚೆ ಈ ಕೋಣೆಯಲ್ಲಿ ಏನೂ ಬದುಕಿರಬಾರದು ಎಂದು ಸಾಹೇಬರು ಹೇಳುತ್ತಿದ್ದರು. ಆ ಮಾತನ್ನು ನಾನು ಮನೆಯಲ್ಲಿ, ಚಹಾದಂಗಡಿಯಲ್ಲಿ, ನನ್ನದೇ ಮಾತೆಂಬಂತೆ ಹೇಳಿಕೊಂಡು ತಿರುಗುತ್ತಿದ್ದೆ.

ಆ ವರ್ಷ ದೇವದುರ್ಗ ತಾಲೂಕಿನ ಅರಕೇರಾದಿಂದ ನಮ್ಮ ಕಚೇರಿಗೆ ಒಂದು ಕಾಗದ ಬಂತು. ಪಂಚಾಯಿತಿಯವರು ಬರೆದದ್ದು. ವಿಷಯ: ಒಬ್ಬ ಹೆಂಗಸಿನ ತಿಪ್ಪೆ.

ಹೆಂಗಸಿಗೆ ಆಗ ನಲವತ್ತರ ಆಸುಪಾಸು. ಕೂಲಿ ಮಾಡುವ ಮನೆತನ, ಗಂಡ ತೀರಿದ್ದ. ಸರ್ಕಾರ ಕೊಟ್ಟ ಎರಡು ಎಕರೆ ಕರಿನೆಲವಿತ್ತು, ಅದರಲ್ಲಿ ತೊಗರಿ. ಬೆಳೆ ಮನೆಗೆ ಬಂದ ಮೇಲೆ ಅವಳು ಕೆಲವು ತಿಂಗಳು ರಾಯಚೂರಿಗೆ ಬಂದು ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ದುಡಿಯುತ್ತಿದ್ದಳು. ಅರಳೆಯಿಂದ ಬೀಜ ಬಿಡಿಸಿದ ಮೇಲೆ ಗಿರಣಿಯ ಹಿಂದೆ ಕಸ ಗುಡ್ಡೆ ಬೀಳುತ್ತದೆ: ಕಾಯಿಯ ಸಿಪ್ಪೆ, ಎಲೆಯ ಚೂರು, ಒಡಕು ಬೀಜ, ಹೊಲಸು ಅರಳೆ. ಮಳೆ ಬಿದ್ದರೆ ಅದು ಕೊಳೆತು ಅರ್ಧ ಪೇಟೆ ಮೂಗು ಮುಚ್ಚಿಕೊಳ್ಳುತ್ತಿತ್ತು. ಇವಳು ಆ ಕಸವನ್ನು ಚೀಲಗಳಲ್ಲಿ ತುರುಕಿ, ದೇವದುರ್ಗದ ಕಡೆಯಿಂದ ಹತ್ತಿ ತಂದು ಖಾಲಿ ಮರಳುವ ಲಾರಿಯಲ್ಲಿ ಊರಿಗೆ ಒಯ್ಯುತ್ತಿದ್ದಳು. ಊರವರು ಪೇಟೆಗೆ ಹತ್ತಿ ಕಳಿಸಿ ಬಟ್ಟೆ ತರಿಸಿಕೊಂಡರೆ ಇವಳು ಕಸ ತರಿಸಿಕೊಳ್ಳುತ್ತಾಳೆ ಎಂದು ನಗುತ್ತಿದ್ದರಂತೆ. ಅವಳು ಅದಕ್ಕೆ ಸಗಣಿ, ತೊಗರಿ ಹೊಟ್ಟು, ಒಲೆಯ ಬೂದಿ ಸೇರಿಸಿ ಒಂದು ವರ್ಷ ಕೊಳೆಹಾಕುತ್ತಿದ್ದಳು.

ನಗು ನಿಂತದ್ದು ನೆಟೆ ರೋಗದಿಂದ. ತೊಗರಿ ಬೆಳೆಯುವವರಿಗೆ ಈ ರೋಗದ ಬಗ್ಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಗಿಡ ಎದೆಯೆತ್ತರ ಬೆಳೆದು, ಇನ್ನೇನು ಹೂವಿಗೆ ಬರಬೇಕು ಅನ್ನುವಾಗ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಕಾರಣ ಒಂದು ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು. ಅದರ ಮನೆ ಮಣ್ಣಿನಲ್ಲಿ. ಒಮ್ಮೆ ಹೊಲ ಹೊಕ್ಕರೆ ವರ್ಷಗಟ್ಟಲೆ ಹೋಗುವುದಿಲ್ಲ. ಅರಕೇರಾದಲ್ಲಿ ಎಲ್ಲರ ಹೊಲದಲ್ಲೂ ಇತ್ತು, ಇವಳ ಹೊಲದ ಒಂದು ಮೂಲೆಯಲ್ಲೂ ಇತ್ತು. ಆದರೆ ಇವಳ ಮೂಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂತು, ಪಕ್ಕದ ಗೌಡರ ನಲವತ್ತು ಎಕರೆಯಲ್ಲಿ ದೊಡ್ಡದಾಗುತ್ತ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಗೌಡರು, ಈ ಹೆಂಗಸು ಪೇಟೆಯಿಂದ ರೋಗ ತಂದು ಊರ ಬಾಗಿಲಲ್ಲಿ ಗುಡ್ಡೆ ಹಾಕಿದ್ದಾಳೆ ಎಂದರು. ತಿಪ್ಪೆ ಇದ್ದದ್ದು ಊರಂಚಿನ ಸರ್ಕಾರಿ ಜಾಗದಲ್ಲಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪಂಚಾಯಿತಿ ಕೂಡಲೇ ನಮಗೆ ಬರೆಯಿತು. ತಿಪ್ಪೆಯಲ್ಲಿ ದೋಷವಿದೆ ಎಂದು ನಾವು ಹೇಳಿದರೆ ಅದನ್ನು ಸುಡಬೇಕು, ಅವಳು ಇನ್ನು ಮೇಲೆ ಕಸ ತರಕೂಡದು.

ತಿಪ್ಪೆ ಹೋದರೆ ಅವಳ ತೊಗರಿ ನಿಲ್ಲುವುದಿಲ್ಲ. ತೊಗರಿ ನಿಲ್ಲದಿದ್ದರೆ ಎರಡು ಎಕರೆಯನ್ನು ಪಾಲಿಗೆ ಕೊಡಬೇಕು, ಅದೂ ಗೌಡರಿಗೇ, ಏಕೆಂದರೆ ಅವರು ಆಗಲೇ ಎರಡು ಸಲ ಕೇಳಿಯಾಗಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಅರಕೇರಾಕ್ಕೆ ಹೋಗುವ ಬಸ್ಸಿನಲ್ಲೇ ಪಕ್ಕದವನು ಹೇಳಿದ್ದ. ಕೇಳಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ತಿಪ್ಪೆಯ ಹತ್ತಿರ ನಾನು ಮೂಗಿಗೆ ಕರವಸ್ತ್ರ ಹಿಡಿದು ನಿಂತೆ. ಹಿಡಿಯುವ ಅಗತ್ಯವೇ ಇರಲಿಲ್ಲ, ಅದಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ಆದರೂ ಹಿಡಿದೆ, ಸಾಹೇಬರು ಹಿಡಿಯುತ್ತಿದ್ದರಲ್ಲ. ಅವಳು ಒಂದು ಜೋಳದ ದಂಟನ್ನು ತಿಪ್ಪೆಯ ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ತುದಿಯನ್ನು ಕೆನ್ನೆಗೆ ಒತ್ತಿಕೊಂಡಳು. ಹಸಿ ತಿಪ್ಪೆ ಕಾಯುತ್ತದೆಯಂತೆ, ಕೈ ಇಡಲಾರದಷ್ಟು. ಹಾಗೇ ಹೊಲಕ್ಕೆ ಹಾಕಿದರೆ ರೋಗ ಹೆಚ್ಚುತ್ತದೆ. ಕಾದು, ಆರಿ, ಮಗುಚಿ, ಮತ್ತೆ ಆರಬೇಕು. ದಂಟಿನ ತುದಿ ಕೆನ್ನೆಗೆ ತಣ್ಣಗೆ ತಾಕಿದ ಮೇಲೆಯೇ ಅವಳು ಕಡೆಯ ಕೆಲಸ ಮಾಡುತ್ತಿದ್ದಳು. ನೆಟೆ ಬಿದ್ದ ಮೂಲೆಯಲ್ಲಿ ಸುತ್ತಲಿನ ಗಿಡವೆಲ್ಲ ಸತ್ತರೂ ಒಂದೋ ಎರಡೋ ಹಸಿರಾಗಿ ನಿಂತಿರುತ್ತವೆ. ಅವುಗಳ ಬುಡದ ಮಣ್ಣನ್ನು ಸೆರಗಿನಲ್ಲಿ ತಂದು ತಿಪ್ಪೆಗೆ ಬೆರೆಸುವುದು. ಅದಕ್ಕೆ ಅವಳು ಹೆಪ್ಪು ಹಾಕುವುದು ಎನ್ನುತ್ತಿದ್ದಳು. ಯಾರು ಕಲಿಸಿದರು ಎಂದು ಕೇಳಿದೆ. ಅವಳ ಅವ್ವ ಬದನೆ ಗಿಡಕ್ಕೆ ಹಾಗೆ ಮಾಡುತ್ತಿದ್ದಳಂತೆ.

ನಾನು ಪುಸ್ತಕದಲ್ಲಿ ‘ಮೂಢನಂಬಿಕೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಗೆರೆ ನೇರವಾಗಿ ಬರಲೆಂದು ಬಸ್ಸಿನ ಟಿಕೀಟನ್ನು ಪಟ್ಟಿಯಾಗಿ ಇಟ್ಟುಕೊಂಡಿದ್ದು ಕೂಡ ನೆನಪಿದೆ.

ಎರಡು ಚೀಲ ಗೊಬ್ಬರವನ್ನು ಅವಳೇ ತುಂಬಿ, ಅವಳೇ ಹೊತ್ತು ಬಸ್ಸಿನ ಮೇಲೆ ಹಾಕಿಸಿದಳು. ಚೀಲಗಳ ಬಾಯಿಗೆ ಒದ್ದೆ ಗೋಣಿ ಕಟ್ಟಿದ್ದಳು.

“ಬಿಸಲಾಗ ಇಡಬ್ಯಾಡ್ರಿ, ಸತ್ತು ಹೋಗ್ತದ,” ಎಂದಳು.

ಏನು ಸಾಯುತ್ತದೆ ಎಂದು ಕೇಳಿದೆ.

“ತಿಪ್ಪಿ. ಅದಕ್ಕ ಜೀವ ಅದರೀ.”

ನಾನು ನಕ್ಕೆ. ಕಂಡಕ್ಟರನೂ ನಗಲಿ ಎಂದು ಅವನ ಮುಖ ನೋಡಿದೆ. ಅವನು ನಗಲಿಲ್ಲ.

ಪ್ರಯೋಗವನ್ನು ನಾವು ಪುಸ್ತಕದಲ್ಲಿದ್ದಂತೆಯೇ ಮಾಡಿದೆವು. ಮಣ್ಣನ್ನು ಹಬೆಯಲ್ಲಿ ಬೇಯಿಸಿದೆವು. ಅವಳ ಗೊಬ್ಬರವನ್ನೂ ಬೇಯಿಸಿದೆವು, ಒಂದಲ್ಲ, ಎರಡು ಸಲ. ಹಳ್ಳಿಯ ತಿಪ್ಪೆ ಎಂದು ಸಾಹೇಬರು ಹೆಚ್ಚಿನ ಕಾಳಜಿ ತೋರಿಸಿದರು. ಎಲ್ಲ ಸತ್ತಿದೆ ಎಂದು ಖಾತ್ರಿಯಾದ ಮೇಲೆ, ಸೀಸೆಯಲ್ಲಿ ಬೆಳೆಸಿದ್ದ ನೆಟೆಯ ಶಿಲೀಂಧ್ರವನ್ನು ಕುಂಡಗಳಿಗೆ ಬಿಟ್ಟು ತೊಗರಿ ಊರಿದೆವು. ಊರಿನವರನ್ನೆಲ್ಲ ನಾವೇ ಕೊಂದು, ಕಳ್ಳನನ್ನು ಒಳಗೆ ಬಿಟ್ಟು, ಯಾರು ತಡೆಯುತ್ತಾರೆ ನೋಡೋಣ ಎಂದು ಬಾಗಿಲಲ್ಲಿ ಕೂತಂತಾಯಿತು. ಗೊಬ್ಬರ ಹಾಕದ ಕುಂಡಗಳಲ್ಲಿ ಸಸಿಗಳು ಒಣಗಿದವು. ಅವಳ ಗೊಬ್ಬರ ಹಾಕಿದವುಗಳಲ್ಲಿ ಇನ್ನೂ ಬೇಗ ಒಣಗಿದವು. ಬೆಂದ ಗೊಬ್ಬರ ರೋಗಕ್ಕೆ ಬಡಿಸಿದ ಎಲೆಯ ಊಟವಾಗಿತ್ತು, ಪಂಕ್ತಿಯಲ್ಲಿ ಬೇರೆ ಯಾರೂ ಇರಲಿಲ್ಲ.

ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಒಣಗಿದ ಸಸಿಗಳನ್ನು ಎಣಿಸುವಾಗ ನಾನು ಸಿಳ್ಳೆ ಹಾಕುತ್ತಿದ್ದೆ. ‘ಸದರಿ ಗೊಬ್ಬರವು ರೋಗವನ್ನು ತಡೆಯುವುದಿಲ್ಲ, ಬದಲಿಗೆ ಉಲ್ಬಣಗೊಳಿಸುತ್ತದೆ’ ಎಂಬ ವಾಕ್ಯವನ್ನು ಬರೆದವನು ನಾನು. ಉಲ್ಬಣ ಎಂಬ ಮಾತನ್ನು ಹುಡುಕಿದ್ದಕ್ಕೆ ಸಾಹೇಬರು ಬೆನ್ನು ತಟ್ಟಿದರು. ದಸ್ಕತ್ತು ಬಿತ್ತು, ಸೀಲು ಬಿತ್ತು, ಮೂರನೇ ದಿನ ವರದಿ ಅರಕೇರಾದಲ್ಲಿತ್ತು. ಬೇಯಿಸದೆ ಉಳಿದಿದ್ದ ಒಂದೂವರೆ ಚೀಲ ಗೊಬ್ಬರವನ್ನು ಕಟ್ಟಡದ ಹಿಂದೆ, ಮೋರಿಯ ಪಕ್ಕದಲ್ಲಿ ಸುರಿಸಿದೆವು. ರೋಗದ ಕುಂಡಗಳ ಮಣ್ಣನ್ನು ಸುರಿಯುತ್ತಿದ್ದದ್ದೂ ಅಲ್ಲೇ.

ತಿಪ್ಪೆ ಸುಡುವ ದಿನ ಸಾಕ್ಷಿಗೆ ಕಚೇರಿಯ ಒಬ್ಬರು ಬೇಕೆಂದು ನನ್ನನ್ನು ಕಳಿಸಿದರು. ಗೌಡರು, ಪಂಚಾಯಿತಿಯವರು, ಊರಿನ ಅರ್ಧ ಜನ ಸೇರಿದ್ದರು. ಅವಳು ಜಗಳ ಮಾಡುತ್ತಾಳೆ ಎಂದು ಎಲ್ಲರೂ ಕಾದಿದ್ದರು. ನಾನೂ ಕಾದಿದ್ದೆ, ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವಳು ನೇರ ನನ್ನ ಹತ್ತಿರ ಬಂದಳು.

“ನಿಮ್ಮ ಕುಂಡದಾಗ ಒಂದೂ ಗಿಡ ನಿಂದರಲಿಲ್ಲೇನ್ರಿ?”

ಒಂದೂ ಇಲ್ಲ ಎಂದೆ. ನಿಜವನ್ನೇ ಹೇಳಿದೆ.

ಅವಳು ತಿಪ್ಪೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಓದಿದವರು ನೀವು. ಹಂಗಾದ್ರ ನಂದ ತಪ್ಪು ಇದ್ದೀತು,” ಎಂದಳು. ಊರಿಗೆ ರೋಗ ತಂದ ಪಾಪ ಬೇಡ ಎಂದು, ಬೇರೆಯವರ ಕೈಗೆ ಬಿಡದೆ, ಕಡ್ಡಿ ಗೀರಿ ತಾನೇ ಬೆಂಕಿ ಇಟ್ಟಳು. ಅರಳೆಯ ಕಸ ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಐದು ದಿನ ಹೊಗೆಯಾಡಿತಂತೆ. ಅವಳು ಬೈದಿದ್ದರೆ, ನನ್ನ ಕೊರಳಪಟ್ಟಿ ಹಿಡಿದಿದ್ದರೆ ನಾನು ಇಷ್ಟು ವರ್ಷ ಅದನ್ನು ನೆನೆಯುತ್ತಿರಲಿಲ್ಲ. ಅವಳು ನನ್ನನ್ನು ನಂಬಿದಳು. ಕರವಸ್ತ್ರ ಹಿಡಿದು ನಿಂತಿದ್ದ ಒಬ್ಬ ಮೂರ್ಖನನ್ನು, ಅವನು ಓದಿದವನು ಎಂಬ ಒಂದೇ ಕಾರಣಕ್ಕೆ ನಂಬಿದಳು.

ಇತ್ತ ಸಾಹೇಬರಿಗೆ ಕೀರ್ತಿಯ ರುಚಿ ಹತ್ತಿತು. ಹಳ್ಳಿಯ ತಿಪ್ಪೆಗಳೆಲ್ಲ ರೋಗದ ಗೂಡು, ಗೊಬ್ಬರವನ್ನು ಕುದಿಸಿ ಶುದ್ಧ ಮಾಡಿಯೇ ಹೊಲಕ್ಕೆ ಹಾಕಬೇಕು ಎಂದು ಒಂದು ಕರಪತ್ರ ಅಚ್ಚು ಹಾಕಿಸಿದರು. ಮುಂದಿನ ವರ್ಷ ಮಾನ್ವಿಯಲ್ಲಿ ಅದರ ಪ್ರಾತ್ಯಕ್ಷಿಕೆ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ರೈತರನ್ನು ಕರೆಸಿ, ಶಾಮಿಯಾನ ಹಾಕಿಸಿ, ನಡುವೆ ಮೂರು ಕಲ್ಲಿನ ಒಲೆ ಹೂಡಲಾಯಿತು. ಅಷ್ಟು ದೊಡ್ಡ ಪಾತ್ರೆ ಕಚೇರಿಯಲ್ಲಿ ಇರಲಿಲ್ಲವಾದ್ದರಿಂದ, ಆ ದಿನ ಊಟಕ್ಕೆ ಗೊತ್ತು ಮಾಡಿದ್ದ ಮದುವೆ ಅಡುಗೆಯವನ ಕೊಪ್ಪರಿಗೆಯನ್ನೇ ಕಸಿದುಕೊಂಡೆವು. ಅದರಲ್ಲಿ ಎರಡು ಬುಟ್ಟಿ ತಿಪ್ಪೆ ಗೊಬ್ಬರ, ನಾಲ್ಕು ಕೊಡ ನೀರು. ನಾನು ಬಿಳಿ ಕೋಟು ತೊಟ್ಟು ಸೌಟು ತಿರುವಿದೆ. ಸಗಣಿಯ ಹಬೆ ಶಾಮಿಯಾನದ ತುಂಬ ಆಡಿತು. ಮುಂದಿನ ಸಾಲಿನವರು ರುಮಾಲಿನ ತುದಿಯನ್ನು ಮೂಗಿಗೆ ಹಿಡಿದು ಮರ್ಯಾದೆಗೆ ಕೂತಿದ್ದರು. ಇಪ್ಪತ್ತು ಗಾಡಿ ಗೊಬ್ಬರಕ್ಕೆ ಎಷ್ಟು ಗಾಡಿ ಕಟ್ಟಿಗೆ ಬೇಕು ಎಂದು ಹಿಂದಿನಿಂದ ಒಬ್ಬ ಕೇಳಿದ. ಸಾಹೇಬರು ಅದು ಮುಂದಿನ ಹಂತದ ವಿಷಯ ಎಂದರು.

ಅಡುಗೆಯವನು ತನ್ನ ಕೊಪ್ಪರಿಗೆಯನ್ನೇ ನೋಡುತ್ತ ನನ್ನ ಪಕ್ಕದಲ್ಲಿ ನಿಂತಿದ್ದ. ಇನ್ನು ಆ ಪಾತ್ರೆಯಲ್ಲಿ ಮಾಡಿದ್ದನ್ನು ಯಾರು ಉಣ್ಣುತ್ತಾರೆ ಎಂಬುದು ಅವನ ದುಃಖ. ಯಾಕೆ ಕುದಿಸುತ್ತೀರಿ ಎಂದು ಕೇಳಿದ. ಒಳಗಿರುವ ಜೀವಿಗಳೆಲ್ಲ ಸಾಯಲಿ ಎಂದು, ಎಂದೆ.

“ಎಲ್ಲಾ ಸತ್ತ ಮ್ಯಾಲ ಹೊಲದಾಗ ಕೆಲಸ ಯಾರು ಮಾಡ್ತಾರ್ರಿ?” ಎಂದ ಅವನು, ಸೌಟನ್ನು ನೋಡುತ್ತ. “ಹೆಪ್ಪು ಕುದಿಸಿ ಹಾಕಿದ್ರ ಹಾಲು ಮೊಸರಾಗ್ತದೇನು?”

ಸೌಟು ನನ್ನ ಕೈಯಲ್ಲಿ ನಿಂತಿತು. ಅರಕೇರಾದ ಹೆಂಗಸು ಅದೇ ಮಾತನ್ನು ಹೇಳಿದ್ದಳು, ನಾನು ಗೆರೆ ಎಳೆದಿದ್ದೆ. ಮಾತು ಅರ್ಥವಾಗಲು ನನಗೆ ಒಂದು ಪದವಿ, ಒಂದು ಬೆಂಕಿ, ಒಂದು ಕೊಪ್ಪರಿಗೆ ಬೇಕಾಯಿತು. ಮೊಸರು ಮಾರುವವಳ ಮಗುವಿಗೂ ತಿಳಿದಿರುವ ವಿಷಯ.

ರಾಯಚೂರಿಗೆ ಮರಳಿದ ಕೂಡಲೇ ಕಟ್ಟಡದ ಹಿಂದಕ್ಕೆ ಹೋದೆ. ಒಂದು ವರ್ಷದಿಂದ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕೊಳೆಯ ಜಾಗ ಎಂದು ದೂರದಿಂದಲೇ ಎಸೆಸುತ್ತಿದ್ದೆ. ಮೋರಿಯ ಪಕ್ಕದಲ್ಲಿ, ನೆಟೆಯ ಮಣ್ಣಿನ ರಾಶಿಯ ಮೇಲೆಯೇ, ತೊಗರಿ ಗಿಡಗಳು ತಾವಾಗಿ ಎದ್ದು ನಿಂತಿದ್ದವು. ನಮ್ಮ ಕುಂಡಗಳ ಮಣ್ಣಿನಲ್ಲಿ ಮೊಳೆಯದೆ ಉಳಿದಿದ್ದ ಬೀಜ. ರಾಶಿಯ ಆಚೆ ಬದಿಯಲ್ಲಿದ್ದವು ಒಣ ಕಡ್ಡಿಗಳಾಗಿದ್ದವು. ಅವಳ ಗೊಬ್ಬರ ಸುರಿದಿದ್ದ ಬದಿಯಲ್ಲಿ ನನ್ನ ಭುಜದೆತ್ತರ ಬೆಳೆದು ಹಳದಿ ಹೂ ಬಿಟ್ಟಿದ್ದವು. ಬೇರಿನಿಂದ ಕಿತ್ತು ಕಾಂಡ ಸೀಳಿ ನೋಡಿದೆ. ಒಳಗೆ ಹಾಲಿನಂತೆ ಬಿಳಿ.

ಆಮೇಲೆ ಗೋಡೆಯ ಹಿಂದೆ, ಒಡಕು ಕುಂಡಗಳಲ್ಲಿ, ನಾನೊಬ್ಬನೇ ಪ್ರಯೋಗ ಮಾಡಿದೆ. ಎಲ್ಲಕ್ಕೂ ಅದೇ ನೆಟೆಯ ಮಣ್ಣು. ಒಂದು ಸಾಲಿಗೆ ಅವಳ ಗೊಬ್ಬರವನ್ನು ಬೇಯಿಸಿ ಹಾಕಿದೆ, ಇನ್ನೊಂದಕ್ಕೆ ಬೇಯಿಸದೆಯೇ ಹಾಕಿದೆ. ಮೂರನೆಯದಕ್ಕೆ ಬೇಯಿಸಿ ಆರಿಸಿದ್ದಕ್ಕೆ ಬೇಯಿಸದ ಗೊಬ್ಬರ ಒಂದು ಹಿಡಿ ಬೆರೆಸಿ ಕೆಲವು ದಿನ ಬಿಟ್ಟು ಹಾಕಿದೆ, ಹೆಪ್ಪಿನಂತೆ. ಮೊದಲ ಸಾಲು ಒಣಗಿತು. ಎರಡನೆಯದು ಹೆಚ್ಚುಕಡಿಮೆ ಪೂರ್ತಿ ನಿಂತಿತು. ಮೂರನೆಯದೂ ಬಹುಪಾಲು ನಿಂತಿತು. ಒಂದು ಚಿಟಿಕೆ ಗೊಬ್ಬರವನ್ನು ನೀರಿನಲ್ಲಿ ಕಲಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಂತೆಯೇ ಕಂಡಿತು: ಬಗೆಬಗೆಯ ಬ್ಯಾಕ್ಟೀರಿಯಾ, ಹಸಿರು ಬೀಜಕಗಳ ಬೂಷ್ಟು, ಅದರ ಎಳೆಗಳು ಬೇರೆ ಎಳೆಗಳಿಗೆ ಸುತ್ತಿಕೊಂಡಿದ್ದವು. ಚೆನ್ನಾಗಿ ಕಳಿತ ಗೊಬ್ಬರದ ಸೂಕ್ಷ್ಮಜೀವಿಗಳು ಬೇರಿನ ಸುತ್ತ ಜಾಗ ಹಿಡಿಯುತ್ತವೆ, ರೋಗದ ಶಿಲೀಂಧ್ರದ ಆಹಾರವನ್ನು ತಾವೇ ತಿಂದು ಮುಗಿಸುತ್ತವೆ, ಕೆಲವು ಅದನ್ನೇ ತಿನ್ನುತ್ತವೆ. ಇದು ಪುಸ್ತಕದಲ್ಲಿ ಇತ್ತು. ನಾನೇ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡು ಮರೆತಿದ್ದೆ.

ಸಾಹೇಬರಿಗೆ ಹೇಳಿದೆ. ಅವರು ಒಡಕು ಕುಂಡಗಳನ್ನು ದೂರದಿಂದ ನೋಡಿ, ಕೊಳೆ ಸೇರಿದ್ದು ಪ್ರಯೋಗ ಅಲ್ಲ ಎಂದರು. ನಾನು ಅರಕೇರಾದ ಮಾತೆತ್ತಿದೆ.

“ವರದಿ ಹೋಗಿ ಆಯ್ತಲ್ರೀ,” ಎಂದರು. “ಈಗ ತಪ್ಪು ಅಂದ್ರೆ, ಇಷ್ಟು ವರ್ಷ ನಾವು ಬೇಯ್ಸಿದ್ದಕ್ಕೆಲ್ಲಾ ಏನ್ ಅರ್ಥ ಹೇಳಿ?”

ಅದು ಅವರು ಬಾಯ್ತಪ್ಪಿ ಆಡಿದ ಒಂದೇ ನಿಜ. ನಾನು ಹೂಂ ಎಂದೆ. ತಿಪ್ಪೆ ಸಾರಿಸುವ ಕೆಲಸದಲ್ಲಿ ನಮ್ಮ ಕಚೇರಿಗೆ ಸಮನಾದದ್ದು ಜಿಲ್ಲೆಯಲ್ಲಿ ಇರಲಿಲ್ಲ, ನಾನು ಅಲ್ಲಿಯ ನುರಿತ ಕೈ. ಆ ವರ್ಷ ನನಗೆ ಬಡ್ತಿಯೂ ಬಂತು.

ಅವಳು ಹೊಲವನ್ನು ಗೌಡರಿಗೆ ಪಾಲಿಗೆ ಕೊಟ್ಟಳು ಎಂದು ದೇವದುರ್ಗದಿಂದ ಬಂದ ಒಬ್ಬ ನೌಕರ ಮಾತಿನ ನಡುವೆ ಹೇಳಿದ. ಗೊಬ್ಬರವಿಲ್ಲದೆ ಎರಡು ಬೆಳೆಯಲ್ಲಿ ನೆಟೆ ಮೂಲೆಯಿಂದ ಹೊರಟು ಅರ್ಧ ಹೊಲ ನುಂಗಿತ್ತಂತೆ. ಅವಳೀಗ ವರ್ಷದ ಬಹುಪಾಲು ರಾಯಚೂರಿನ ಜಿನ್ನಿಂಗ್ ಗಿರಣಿಯಲ್ಲೇ ಇದ್ದಳು, ನನ್ನ ಕಚೇರಿಯಿಂದ ಸೈಕಲ್ಲಿನ ಹಾದಿ. ಆ ಹಾದಿ ತುಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಕಡೆಗೆ ಮೋರಿಯ ಪಕ್ಕದ ರಾಶಿಯಿಂದ ಒಂದು ಚೀಲ ತುಂಬಿ, ಬಾಯಿಗೆ ಒದ್ದೆ ಗೋಣಿ ಕಟ್ಟಿ, ಕ್ಯಾರಿಯರ್ ಮೇಲೆ ಇಟ್ಟುಕೊಂಡು ಹೋದೆ.

ಅವಳು ಅಂಗಳದಲ್ಲಿ ಕಸ ಗುಡಿಸುತ್ತಿದ್ದಳು. ಕೂದಲಲ್ಲೆಲ್ಲ ಅರಳೆ. ನಾನು ನಡೆದದ್ದನ್ನು ಹೇಳಿದೆ: ಗೊಬ್ಬರವನ್ನು ನಾವು ಕುದಿಸಿದೆವು, ಅದರ ಜೀವ ತೆಗೆದೆವು, ಸತ್ತದ್ದನ್ನು ಪರೀಕ್ಷೆ ಮಾಡಿ ಕೆಲಸ ಮಾಡುವುದಿಲ್ಲ ಎಂದು ಬರೆದೆವು. ಅವಳು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಕೆನ್ನೆಗೆ ಒತ್ತಿಕೊಂಡಳು.

“ಖರೇನ ಇದು ನನ್ನ ತಿಪ್ಪಿ,” ಎಂದಳು. ಹಿಡಿಯನ್ನು ಚೀಲಕ್ಕೆ ಮರಳಿ ಸುರಿದು, “ಬೆಂಕಿ ನಾನ ಹಚ್ಚಿದ್ನೆಲ್ಲೋ ಯಪ್ಪಾ,” ಎಂದಳು.

ಅವಳು ಅತ್ತಿದ್ದರೆ ನಾನು ಸಮಾಧಾನ ಹೇಳಿ ದೊಡ್ಡವನಾಗುತ್ತಿದ್ದೆ. ಅವಳು ಅಳಲಿಲ್ಲ. ಒಂದು ಕಾಗದ ಕೇಳಿದಳು. ಊರಲ್ಲಿ ಇನ್ನೂ ಅವಳನ್ನು ರೋಗದ ತಿಪ್ಪೆಯವಳು ಎನ್ನುತ್ತಿದ್ದರು. ಮತ್ತೆ ತಿಪ್ಪೆ ಹಾಕಲು ಬಿಡುತ್ತಿರಲಿಲ್ಲ. ತಪ್ಪು ಕಚೇರಿಯದು ಎಂದು ಬರೆದು ಕೊಟ್ಟರೆ ಚಾವಡಿಯಲ್ಲಿ ಓದಿಸುತ್ತೇನೆ ಎಂದಳು. ನಾನು, ಅದಕ್ಕೆ ಸಾಹೇಬರ ದಸ್ಕತ್ತು ಬೇಕು, ಮೇಲಿನವರಿಗೆ ಬರೆಯಬೇಕು, ಸೀಲು ಸುಮ್ಮನೆ ಹಾಕಲು ಬರುವುದಿಲ್ಲ, ಸಮಯ ಹಿಡಿಯುತ್ತದೆ ಎಂದೆ.

“ಸುಡಾಕ ಮೂರು ದಿನದಾಗ ಬಂದಿತ್ತಲ್ರಿ ಸೀಲು,” ಎಂದಳು. ಚೀಲವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಒಳಗೆ ಹೋದಳು.

ನಾನು ಬರೆಯಲಿಲ್ಲ. ಒಂದು ವರ್ಷವಲ್ಲ, ಮೂರು ವರ್ಷ ಬರೆಯಲಿಲ್ಲ. ಕಾರಣಗಳನ್ನು ಪಟ್ಟಿ ಮಾಡಿ ನಿಮ್ಮ ತಾಳ್ಮೆ ಪರೀಕ್ಷಿಸುವುದಿಲ್ಲ, ಅವೆಲ್ಲ ಸೇರಿ ಹೇಡಿತನ ಎಂಬ ಒಂದು ಮಾತಾಗುತ್ತದೆ. ಎಂಬತ್ತರ ದಶಕದ ನಡುವಿನಲ್ಲಿ ಸಾಹೇಬರು ವರ್ಗ ಮಾಡಿಸಿಕೊಂಡು ತಮ್ಮ ಕಡೆಗೆ ಹೋದರು. ಬೀಳ್ಕೊಡುಗೆಯಲ್ಲಿ ಶುದ್ಧ ಗೊಬ್ಬರದ ಆಂದೋಲನವನ್ನು ಎಲ್ಲರೂ ಹೊಗಳಿದರು. ಹಾರ ಹಾಕಿದವನು ನಾನು. ಅವರ ರೈಲು ಹೊರಟ ಮೇಲೆ ನನಗೆ ಧೈರ್ಯ ಬಂತು. ಸೀಲು ಈಗ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಕಚೇರಿಯ ಒಳ್ಳೆಯ ದಪ್ಪ ಕಾಗದ ತೆಗೆದು, ಗೊಬ್ಬರ ಸರಿಯಿತ್ತು, ಅದನ್ನು ಬೇಯಿಸಿ ಪರೀಕ್ಷಿಸಿದ್ದು ನಮ್ಮ ತಪ್ಪು, ರೋಗವನ್ನು ತಡೆಯುತ್ತಿದ್ದದ್ದು ಅದರೊಳಗಿನ ಸೂಕ್ಷ್ಮಜೀವಿಗಳು, ಸುಡಿಸಿದ್ದು ಅನ್ಯಾಯ ಎಂದು ಬರೆದೆ. ದಸ್ಕತ್ತು ಹಾಕಿ, ಸೀಲನ್ನು ಎರಡು ಸಲ ಒತ್ತಿ, ದೇವದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜೇಬಿನ ಮೇಲೆ ಕೈ ಇಟ್ಟುಕೊಂಡಿದ್ದೆ, ಹರಿಶ್ಚಂದ್ರನ ತುಂಡಿನಂತೆ.

ಅವಳು ಮನೆಯಲ್ಲಿ ಇರಲಿಲ್ಲ, ಹೊಲದಲ್ಲಿ ಇದ್ದಳು. ಪಾಲಿಗೆ ಕೊಟ್ಟ ಹೊಲವನ್ನು ಗೌಡರು ಒಂದೇ ಬೆಳೆಗೆ ಬೇಡವೆಂದು ಬಿಟ್ಟಿದ್ದರು, ಅಷ್ಟು ನೆಟೆ ಬಿದ್ದಿತ್ತು. ಅವಳು ವಾಪಸು ಬಂದು, ಯಾರೂ ಸರ್ಕಾರಿ ಜಾಗ ಎನ್ನದಂತೆ ತನ್ನ ಹೊಲದ ನಡುವೆಯೇ ಗುಂಡಿ ತೋಡಿದ್ದಳು. ಕಸ, ಸಗಣಿ, ಬೂದಿ ಎಲ್ಲ ಹಳೆಯ ಕ್ರಮ. ಹೆಪ್ಪಿಗೆ ನಾನು ಕೊಟ್ಟ ಆ ಒಂದು ಚೀಲ. ಮೊದಲ ವರ್ಷ ಅರ್ಧ ನಿಂತಿತ್ತು. ನಾನು ಹೋದಾಗ ಮೂರನೆಯ ಬೆಳೆ, ಎರಡು ಎಕರೆಯೂ ಕಾಯಿಯ ಭಾರಕ್ಕೆ ಬಾಗಿತ್ತು. ಬದುವಿನ ಆಚೆ ಗೌಡರ ಹೊಲ ಒಣ ಕಡ್ಡಿಯ ಬಯಲು.

ಬದುವಿನ ಮೇಲೆ ಗೌಡರೇ ನಿಂತಿದ್ದರು. ತಪ್ಪಿಸಿಕೊಂಡ ಎತ್ತನ್ನು ಹುಡುಕುತ್ತ ಬಂದೆ ಎಂದರು. ಎತ್ತು ಎಲ್ಲೂ ಕಾಣಲಿಲ್ಲ. ಹೆಗಲ ಮೇಲೆ ವಲ್ಲಿ, ಕಣ್ಣು ಅವಳ ಗುಂಡಿಯ ಮೇಲೆ. ಅವಳು ಗುಂಡಿಯಿಂದ ಎರಡು ಹಿಡಿ ಗೊಬ್ಬರ ತೆಗೆದು ಒಂದು ಚಪ್ಪಟೆ ಕಲ್ಲಿನ ಮೇಲೆ ಇಟ್ಟಿದ್ದಳು. ಊರಿನ ಹಲವರು ಆಗಲೇ ಹೀಗೆ ಬಂದು ಒಯ್ದಿದ್ದರಂತೆ.

ನಾನು ಕಾಗದ ತೆಗೆದೆ. ಓದ್ರಿ ಎಂದಳು. ಓದಿದೆ. ಇನ್ನೊಮ್ಮೆ ಓದ್ರಿ, ಸ್ವಲ್ಪ ಜೋರಾಗಿ, ಎಂದಳು. ಗೌಡರಿಗೆ ಕೇಳುವಂತೆ ಇನ್ನೊಮ್ಮೆ ಓದಿದೆ. ಅವರು ನೆಲ ನೋಡಿದರು. ಅವಳು ಕೈ ಚಾಚಿ ಕಾಗದ ತೆಗೆದುಕೊಂಡು, ಬೆರಳಿನಿಂದ ಸೀಲನ್ನು ಒಮ್ಮೆ ಸವರಿ ನೋಡಿದಳು. ಆಮೇಲೆ ಅದನ್ನು ಕಲ್ಲಿನ ಮೇಲೆ ಹರಡಿ, ಗೊಬ್ಬರವನ್ನು ನಡುವೆ ಸುರಿದು, ನಾಲ್ಕೂ ಮೂಲೆ ಮಡಚಿ ಪೊಟ್ಟಣ ಕಟ್ಟಿ ಗೌಡರ ಕಡೆ ಚಾಚಿದಳು.

“ಬಿಸಲಿಗೆ ಇಡಬ್ಯಾಡ್ರಿ ಗೌಡ್ರ. ಕುದಿಸಲೂ ಬ್ಯಾಡ್ರಿ.”

ಗೌಡರು ಎರಡೂ ಕೈಯಲ್ಲಿ ಇಸಿದುಕೊಂಡು ವಲ್ಲಿಯಲ್ಲಿ ಸುತ್ತಿ ಬದು ಇಳಿದು ಹೋದರು. ನಾನು ಖಾಲಿ ಕೈಯಲ್ಲಿ ನಿಂತಿದ್ದೆ. ಅವಳು ಜೋಳದ ದಂಟನ್ನು ಎತ್ತಿಕೊಂಡು ಗುಂಡಿಯ ಕಡೆ ತಿರುಗಿದಳು.

“ಕಾಗದ ಛಲೋ ಅದ ಬಿಡ್ರಿ,” ಎಂದಳು. “ಗಟ್ಟಿ ಅದ.”